ಇ-ರೀಡರ್ ಕೊಳ್ಳುತ್ತೀರಾ? ಮೊದಲು ಕನ್ನಡ ತೆರೆದು ನೋಡಿ

ಗೋರೆಗಾಂವ್‌ನಿಂದಲೇ ಹೊರಡುವ ಸ್ಲೋ ಲೋಕಲ್‌ನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ಚರ್ಚ್‌ಗೇಟ್ ತನಕ ಸುಮಾರು ಒಂದು ಗಂಟೆ ನಿಮ್ಮದೇ. ಆ ಹೊತ್ತಿಗೆಂದು ಇ-ರೀಡರ್ ಕೊಳ್ಳುವ ಆಸೆ ಹಲವರಿಗಿದೆ. ಯಾವುದು ಒಳ್ಳೆಯದು ಎಂದು ಕೇಳಿದರೆ ನನ್ನದು ಮರುಪ್ರಶ್ನೆ: ಅದರಲ್ಲಿ ಏನು ಓದುತ್ತೀರಿ? ಇಂಗ್ಲಿಷ್ ಆದರೆ ಚಿಂತೆಯಿಲ್ಲ. ಕನ್ನಡ ಆದರೆ ಸ್ವಲ್ಪ ತಡೆಯಿರಿ.

ಇ-ರೀಡರ್‌ನ ಪರದೆ ಮೊಬೈಲಿನದರಂತಲ್ಲ. ಅದರಲ್ಲಿ ಕಪ್ಪು-ಬಿಳಿ ಕಣಗಳು ವಿದ್ಯುತ್ತಿನಿಂದ ಮೇಲೆ-ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಪುಟ ಬದಲಾದಾಗ ಮಾತ್ರ ಅದಕ್ಕೆ ವಿದ್ಯುತ್ ಬೇಕು. ಹಾಗಾಗಿ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ, ಬಿಸಿಲಿನಲ್ಲೂ ಕಾಗದದಂತೆ ಕಾಣುತ್ತದೆ. ಹಾಳೆ ಮಗುಚುವ ಸದ್ದೂ ಇಲ್ಲ. ಮೈಕಿನ ಮುಂದೆ ಕೂರುವ ನನ್ನಂಥವರಿಗೆ ಅದೇ ದೊಡ್ಡ ಸುಖ.

ತೊಡಕಿರುವುದು ಪುಸ್ತಕದಲ್ಲಿ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ತನ್ನ ಕಿಂಡಲ್‌ಗೆ ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳಂ ಪುಸ್ತಕಗಳನ್ನು ತಂದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಪಕ್ಕದ ಮನೆಯ ಮರಾಠಿ ಗೆಳೆಯರ ಮಾತು ಕೇಳಿ ಕಿಂಡಲ್ ಕೊಳ್ಳುವವರು ಇದನ್ನು ನೆನಪಿಡಬೇಕು. ಕನ್ನಡದ ಇ-ಪುಸ್ತಕಗಳು ಸಿಗುವುದು ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ, ಗೂಗಲ್ ಪ್ಲೇ ಬುಕ್ಸ್‌ನಲ್ಲಿ. ಕಿಂಡಲ್ ರೀಡರ್‌ನಲ್ಲಿ ಇಂಥ ಆ್ಯಪ್ ಹಾಕಲು ಬರುವುದಿಲ್ಲ. ಆಂಡ್ರಾಯ್ಡ್ ಇರುವ ಇ-ಇಂಕ್ ರೀಡರ್‌ಗಳಲ್ಲಿ ಹಾಕಬಹುದು, ಆದರೆ ಅವು ಸಾಮಾನ್ಯವಾಗಿ ದುಬಾರಿ.

ಅಂತರ್ಜಾಲದಿಂದ ಇಳಿಸಿಕೊಂಡ ಹಳೆಯ ಪುಸ್ತಕಗಳ ಪಿಡಿಎಫ್ ಇದೆಯಲ್ಲ ಎನ್ನುತ್ತೀರಾ? ಅವು ಪುಟದ ಫೋಟೋಗಳು. ಆರು ಇಂಚಿನ ಪರದೆಯಲ್ಲಿ ಇಡೀ ಪುಟ ಕುಗ್ಗಿ ಒತ್ತಕ್ಷರಗಳು ಇರುವೆಯಂತಾಗುತ್ತವೆ. ಅಕ್ಷರ ಮಾತ್ರ ದೊಡ್ಡದು ಮಾಡಲಾಗದು. ಅದಕ್ಕೆ ಹತ್ತು ಇಂಚಿನ ಟ್ಯಾಬ್ಲೆಟ್ಟೇ ವಾಸಿ. ಇನ್ನು ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಿಸಿದ ಕಡತಗಳನ್ನು ಯೂನಿಕೋಡ್‌ಗೆ ಬದಲಿಸದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.

ಬಜೆಟ್ಟಿನ ಮಾತು. ಹದಿನೈದು ಸಾವಿರ ರೂಪಾಯಿಯ ಯಂತ್ರ ಎಂದಿಟ್ಟುಕೊಳ್ಳಿ. ಇನ್ನೂರರ ಲೆಕ್ಕದಲ್ಲಿ ಅದು ಎಪ್ಪತ್ತೈದು ಅಚ್ಚಿನ ಪುಸ್ತಕಗಳ ಹಣ. ವರ್ಷಕ್ಕೆ ನಾಲ್ಕೈದು ಪುಸ್ತಕ ಓದುವವರು ಕೈಲಿರುವ ಮೊಬೈಲಿನಲ್ಲೇ ಮೊದಲು ಒಂದು ಇ-ಪುಸ್ತಕ ಕೊಂಡು ಮುಗಿಸಿ ನೋಡಲಿ. ಊರಿನಿಂದ ಬಂದಿರುವ ಅಪ್ಪ-ಅಮ್ಮನಿಗಾದರೆ ನಾನು ಇಷ್ಟು ಲೆಕ್ಕ ಹಾಕುವುದಿಲ್ಲ. ಅಕ್ಷರ ದೊಡ್ಡದಾದರೆ ಕನ್ನಡಕದ ಜೊತೆ ಗುದ್ದಾಡುವುದು ಕಡಿಮೆಯಾಗುತ್ತದೆ. ಒಳಗೇ ದೀಪವಿರುವ ರೀಡರ್ ತೆಗೆದುಕೊಳ್ಳಿ, ರಾತ್ರಿ ಬೇರೆಯವರ ನಿದ್ದೆ ಕೆಡುವುದಿಲ್ಲ.

ಅಂಗಡಿಗೆ ಹೋಗುವಾಗ 'ರಾಷ್ಟ್ರ', 'ಸ್ತ್ರೀ', 'ಕರ್ತವ್ಯ' ಎಂಬ ಪದಗಳಿರುವ ಒಂದು ಯೂನಿಕೋಡ್ ಕಡತವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ರೀಡರ್‌ಗೆ ಹಾಕಿಸಿ ತೆರೆಯಿರಿ. ಒತ್ತುಗಳು ಕೆಳಗೆ ಕೂರದೆ ಪಕ್ಕಕ್ಕೆ ಚೆದುರಿದರೆ, ಅರ್ಕಾವತ್ತು ಜಾಗ ತಪ್ಪಿದರೆ, ದುಡ್ಡು ಕೊಡಬೇಡಿ. ಆನ್‌ಲೈನ್‌ನಲ್ಲಿ ತರಿಸಿದವರು ಹಿಂದಿರುಗಿಸುವ ಗಡುವಿನೊಳಗೇ ಈ ಪರೀಕ್ಷೆ ಮಾಡಿ. ಅಲ್ಲಿಯತನಕ ಡಬ್ಬಿ ಎಸೆಯಬೇಡಿ.