ಸಿಲ್ವಾಗೆ ಗ್ರ್ಯಾಪ್ಲಿಂಗ್ ಬರಲ್ವಾ?

ಎಂಎಂಎ ನೋಡೋ ನಮಗೆ ಆಂಡರ್ಸನ್ ಸಿಲ್ವಾ ಅಂದ್ರೆ ನೆನಪಾಗೋದು ಪಂಚ್, ಕಿಕ್, ಮೊಣಕಾಲೇಟು. ಕೆಳಗೆ ಬೀಳಿಸಿದ್ರೆ ಕಥೆ ಮುಗೀತು ಅನ್ನೋರೂ ಇದ್ದಾರೆ. ಅವರಿಗೆ ನಾವು ತೋರಿಸೋದು 2010ರ ಆಗಸ್ಟ್‌ನಲ್ಲಿ ಓಕ್ಲೆಂಡ್‌ನಲ್ಲಿ ನಡೆದ ಯುಎಫ್‌ಸಿ 117.

ಎದುರಾಳಿ ಚೇಲ್ ಸೊನೆನ್, ಕುಸ್ತಿಯಿಂದ ಬಂದವನು. ನಾಲ್ಕು ರೌಂಡ್ ಸಿಲ್ವಾನ ಮೇಲೆ ಕೂತು ಗುದ್ದಿದ. ಐದನೇದರಲ್ಲೂ ಅದೇ. ಮುಗಿಯೋಕೆ ಎರಡು ನಿಮಿಷಾನೂ ಇಲ್ಲ, ಆಗ ಕೆಳಗಿದ್ದ ಸಿಲ್ವಾ ಸೊನೆನ್‌ನ ಕುತ್ತಿಗೆ ಮತ್ತು ಒಂದು ಕೈಯನ್ನು ಸೇರಿಸಿ ಕಾಲಲ್ಲಿ ಬಿಗಿದ. ಇದೇ ಟ್ರಯಾಂಗಲ್ ಚೋಕ್. ಕುತ್ತಿಗೆಯ ಒಂದು ಪಕ್ಕ ಸಿಲ್ವಾನ ತೊಡೆ ಒತ್ತುತ್ತೆ, ಇನ್ನೊಂದು ಪಕ್ಕ ಸೊನೆನ್‌ನದೇ ಭುಜ; ಮಿದುಳಿಗೆ ಹೋಗೋ ರಕ್ತ ಕಡಿಮೆಯಾಗುತ್ತೆ. (ತೋಳಿಗಿಂತ ತೊಡೆಗೆ ಬಲ ಜಾಸ್ತಿ ಅಂತ ಮೆಕ್ಯಾನಿಕಲ್‌ನವರಿಗೆ ಬೇರೆ ಹೇಳಬೇಕಾ?) ಸಿಕ್ಕ ಕೈಯನ್ನೂ ಮೊಣಕೈ ಹತ್ರ ಎಳೆದು ನೆಟ್ಟಗೆ ಮಾಡಿದ. ಸೊನೆನ್ ಟ್ಯಾಪ್ ಮಾಡಿದ.

ಬೀಳಿಸೋದನ್ನ ತಡೆಯೋದ್ರಲ್ಲಿ ಸಿಲ್ವಾ ವೀಕ್, ಒಪ್ಪೋಣ. ಬಿದ್ದ ಮೇಲಿನ ಆಟ ಬೇರೆ ಲೆಕ್ಕ. ಅವನು ಬ್ರೆಜಿಲಿಯನ್ ಜುಜಿತ್ಸುವಿನಲ್ಲಿ ಬ್ಲ್ಯಾಕ್ ಬೆಲ್ಟ್. ಒಲಿಂಪಿಕ್ಸ್ ಕುಸ್ತಿ ಆಡಿ ಬಂದಿದ್ದ ಡ್ಯಾನ್ ಹೆಂಡರ್ಸನ್‌ನನ್ನು 2008ರಲ್ಲಿ ಹಿಂದಿನಿಂದ ಕುತ್ತಿಗೆ ಬಿಗಿದು ಸೋಲಿಸಿದ್ದ. ಅದಕ್ಕೂ ಮೊದಲು, 2007ರಲ್ಲಿ, ಜುಜಿತ್ಸುವನ್ನೇ ನಂಬಿ ಬಂದಿದ್ದ ಟ್ರಾವಿಸ್ ಲಟರ್ ಕೂಡ ಇದೇ ಟ್ರಯಾಂಗಲ್‌ಗೆ ಸಿಕ್ಕಿಬಿದ್ದಿದ್ದ.