ವ್ಯವಹಾರ ನಿರ್ವಹಣಾ ಶಿಕ್ಷಣ: ಮಾನ್ಯತೆಯನ್ನು ಅರಿತು ಆಯ್ಕೆ ಮಾಡಿ

ದೆಹಲಿ, ಗುರುಗ್ರಾಮ, ನೋಯ್ಡಾ ಹಾಗೂ ಗಾಜಿಯಾಬಾದ್‌ಗಳನ್ನೊಳಗೊಂಡ ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ ವ್ಯವಹಾರ ನಿರ್ವಹಣೆಯ ಸ್ನಾತಕೋತ್ತರ ಶಿಕ್ಷಣ ನೀಡುವ ಸಂಸ್ಥೆಗಳು ಹೇರಳವಾಗಿವೆ. ಅವುಗಳ ಜಾಹೀರಾತುಗಳಲ್ಲಿ 'ಮಾನ್ಯತೆ' ಎಂಬ ಒಂದೇ ಪದವು ಮೂರು ಬೇರೆ ಬೇರೆ ಸಂಗತಿಗಳನ್ನು ಸೂಚಿಸಬಹುದು: ಪದವಿ ನೀಡುವ ಅಧಿಕಾರ, ಶಿಕ್ಷಣಕ್ರಮ ನಡೆಸಲು ಅನುಮೋದನೆ ಮತ್ತು ಗುಣಮಟ್ಟದ ಮೌಲ್ಯಮಾಪನ. ವಿದ್ಯಾರ್ಥಿಗಳೂ ಪೋಷಕರೂ ಇವುಗಳ ವ್ಯತ್ಯಾಸವನ್ನು ತಿಳಿದಿರುವುದು ಅಗತ್ಯ.

ಎಂ.ಬಿ.ಎ. ಒಂದು ಪದವಿ. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧಿನಿಯಮದಂತೆ, ಕೇಂದ್ರ ಅಥವಾ ರಾಜ್ಯ ಕಾನೂನಿನ ಮೂಲಕ ಸ್ಥಾಪಿತವಾದ ವಿಶ್ವವಿದ್ಯಾಲಯಗಳು, ಪರಿಗಣಿತ ವಿಶ್ವವಿದ್ಯಾಲಯಗಳು ಮತ್ತು ಸಂಸತ್ತು ವಿಶೇಷಾಧಿಕಾರ ನೀಡಿದ ಸಂಸ್ಥೆಗಳು ಮಾತ್ರ ಪದವಿ ನೀಡಬಹುದು. ಇತರ ಸಂಸ್ಥೆಗಳು ನೀಡುವುದು ಸ್ನಾತಕೋತ್ತರ ಡಿಪ್ಲೊಮಾ. ಡಿಪ್ಲೊಮಾ ಎಂದಾಕ್ಷಣ ಅದು ಕೀಳೆಂದು ಭಾವಿಸಬೇಕಿಲ್ಲ. 2017ರ ಅಧಿನಿಯಮ ಜಾರಿಗೆ ಬರುವವರೆಗೆ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯೂ ಡಿಪ್ಲೊಮಾವನ್ನೇ ನೀಡುತ್ತಿತ್ತು.

ಇಂತಹ ಡಿಪ್ಲೊಮಾ ಶಿಕ್ಷಣಕ್ರಮಗಳಿಗೆ 1987ರ ಅಧಿನಿಯಮದನ್ವಯ ರಚಿತವಾದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಅನುಮೋದನೆ ನೀಡುತ್ತದೆ. ಡಿಪ್ಲೊಮಾ ಪಡೆದವರು ಮುಂದೆ ಪಿಎಚ್.ಡಿ. ವ್ಯಾಸಂಗ ಮಾಡುವುದಾದರೆ, ಅದು ಎಂ.ಬಿ.ಎ.ಗೆ ಸಮಾನವೆಂದು ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ಪರಿಗಣಿಸಿದೆಯೇ ಎಂಬುದನ್ನೂ ನೋಡಬೇಕಾಗುತ್ತದೆ.

ಗುಣಮಟ್ಟದ ಮೌಲ್ಯಮಾಪನ ಇದರ ನಂತರದ ಹಂತ. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು (ನ್ಯಾಕ್) ಇಡೀ ಸಂಸ್ಥೆಯನ್ನು ಪರಿಶೀಲಿಸುತ್ತದೆ. ಅದೇ ವರ್ಷ ಆರಂಭವಾದ ರಾಷ್ಟ್ರೀಯ ಮಾನ್ಯತಾ ಮಂಡಳಿಯು ಒಂದೊಂದು ಶಿಕ್ಷಣಕ್ರಮವನ್ನೂ ಪ್ರತ್ಯೇಕವಾಗಿ ಪರಿಶೀಲಿಸುತ್ತದೆ. ಆದ್ದರಿಂದ ಒಂದು ಶಿಕ್ಷಣಕ್ರಮಕ್ಕೆ ದೊರೆತ ಮಾನ್ಯತೆ ಅದೇ ಕಾಲೇಜಿನ ಮತ್ತೊಂದಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಈ ಮಾನ್ಯತೆಗಳು ನಿಗದಿತ ಅವಧಿಗೆ ಮಾತ್ರ ಸಿಂಧುವಾಗಿರುತ್ತವೆ.

ಈ ವಿಷಯದ ಗಾಂಭೀರ್ಯಕ್ಕೆ ದೆಹಲಿಯಲ್ಲೇ ನಿದರ್ಶನವಿದೆ. ವ್ಯಾಪಕ ಜಾಹೀರಾತುಗಳಿಂದ ಹೆಸರಾಗಿದ್ದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಲಾನಿಂಗ್ ಅಂಡ್ ಮ್ಯಾನೇಜ್‌ಮೆಂಟ್ ಎಂಬ ಸಂಸ್ಥೆಗೆ ಆಯೋಗದ ಅಥವಾ ತಾಂತ್ರಿಕ ಶಿಕ್ಷಣ ಪರಿಷತ್ತಿನ ಮನ್ನಣೆ ಇರಲಿಲ್ಲ. ತನ್ನ ಶಿಕ್ಷಣಕ್ರಮಗಳಿಗೆ ಎಂ.ಬಿ.ಎ., ಬಿ.ಬಿ.ಎ. ಮುಂತಾದ ಹೆಸರುಗಳನ್ನು ಬಳಸದಂತೆ ದೆಹಲಿ ಉಚ್ಚ ನ್ಯಾಯಾಲಯವು 2014ರಲ್ಲಿ ಅದನ್ನು ನಿರ್ಬಂಧಿಸಿತು. ಇಂತಹ ಆದೇಶ ಹೊರಬೀಳುವ ವೇಳೆಗೆ ಅನೇಕ ಕುಟುಂಬಗಳು ಶುಲ್ಕವನ್ನೂ, ಮಕ್ಕಳು ಅಮೂಲ್ಯ ವರ್ಷಗಳನ್ನೂ ವ್ಯಯಿಸಿಯಾಗಿರುತ್ತದೆ.

ಆದುದರಿಂದ ಶುಲ್ಕ ಪಾವತಿಸುವ ಮುನ್ನ ಈ ಅಂಶಗಳನ್ನು ಪರಿಶೀಲಿಸುವುದು ಸೂಕ್ತ:

1. ದೊರೆಯುವುದು ಪದವಿಯೋ, ಡಿಪ್ಲೊಮಾವೋ? ಪದವಿಯಾದರೆ ಅದನ್ನು ನೀಡುವ ವಿಶ್ವವಿದ್ಯಾಲಯ ಯಾವುದು?

2. ಅನುಮೋದನೆಯು ಇದೇ ವಿಳಾಸಕ್ಕೆ, ಇದೇ ಶಿಕ್ಷಣಕ್ರಮಕ್ಕೆ, ಈ ವರ್ಷಕ್ಕೆ ಅನ್ವಯಿಸುತ್ತದೆಯೇ?

3. ಆಯೋಗವು ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಆ ಹೆಸರಿದೆಯೇ? ಈ ಪಟ್ಟಿಯಲ್ಲಿ ದೆಹಲಿಯ ವಿಳಾಸಗಳೂ ಕಾಣಿಸಿಕೊಂಡಿವೆ.

ಈ ವಿವರಗಳನ್ನು ಸಂಬಂಧಿತ ಸಂಸ್ಥೆಗಳ ಅಧಿಕೃತ ಜಾಲತಾಣಗಳಲ್ಲಿ ಉಚಿತವಾಗಿ ನೋಡಬಹುದು. ಮಾನ್ಯತೆಯು ಉದ್ಯೋಗದ ಭರವಸೆಯಲ್ಲ. ಬೋಧಕವರ್ಗ, ಗ್ರಂಥಾಲಯ, ಶುಲ್ಕ ಇವುಗಳನ್ನೂ ತೂಗಿ ನೋಡಬೇಕು. ಆದರೆ ಮಾನ್ಯತೆಯ ವಿಚಾರ ಖಚಿತವಾದ ಮೇಲೆಯೇ ಉಳಿದ ವಿಚಾರಗಳಿಗೆ ಅರ್ಥ ಬರುತ್ತದೆ.