ಸೇನೆಯೇ ಇಟ್ಟ ಜೂಜಿನ ಯಂತ್ರ

ಅಮೆರಿಕದ ಒಳಗಿರುವ ಸೇನಾ ನೆಲೆಗಳಲ್ಲಿ ಸ್ಲಾಟ್ ಮಷಿನ್ ಇಡುವುದನ್ನು ಅಲ್ಲಿನ ಸಂಸತ್ತು 1951ರಲ್ಲೇ ನಿಷೇಧಿಸಿತು. ಆದರೆ ಜಪಾನ್, ದಕ್ಷಿಣ ಕೊರಿಯಾ, ಜರ್ಮನಿಯ ನೆಲೆಗಳಲ್ಲಿ ಅದೇ ಸೇನೆ ಈ ಯಂತ್ರಗಳನ್ನು ತಾನೇ ನಡೆಸುತ್ತದೆ. ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ವರದಿ ಕೊಟ್ಟಾಗ ಅವು 3,000 ದಾಟಿದ್ದವು. 2011ರಿಂದ 2015ರವರೆಗಿನ ಐದು ಹಣಕಾಸು ವರ್ಷಗಳಲ್ಲಿ ಅವು ತಂದ ಆದಾಯ ಸುಮಾರು 53.9 ಕೋಟಿ ಡಾಲರ್. ಊರಿನಲ್ಲಿ ಬಿಯರ್ ಕೊಳ್ಳಲು 21 ತುಂಬಬೇಕಾದ ಹುಡುಗ ಇಲ್ಲಿ 18ಕ್ಕೇ ಜೂಜಿಗೆ ಕೂರಬಹುದು.

ಸೈನಿಕನ ಜೂಜಿನ ಚಟವನ್ನು ಶಿಸ್ತಿನ ಕೊರತೆ ಎಂದು ನೋಡುವುದು ಸುಲಭ. ಅದನ್ನು ಅವನ ಡ್ಯೂಟಿಯ ಜೊತೆಗಿಟ್ಟು ನೋಡಬೇಕೆಂಬುದು ನನ್ನ ವಾದ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಜೂಜಿನ ಚಟವನ್ನು ಕಾಯಿಲೆ ಎನ್ನುತ್ತದೆ. ಬರ್ನ್‌ಔಟನ್ನು ಕಾಯಿಲೆಯಲ್ಲ, ನಿಭಾಯಿಸಲಾಗದ ಕೆಲಸದ ಒತ್ತಡದ ಫಲ ಎನ್ನುತ್ತದೆ. ಕಾಗದದಲ್ಲಿ ಬೇರೆಯಾದ ಇವೆರಡು ಒಬ್ಬನೇ ಮನುಷ್ಯನಲ್ಲಿ ಕೂಡಬಹುದು. ಲಾಸ್ ವೇಗಸ್‌ನ ಜೂಜುಕೋರರನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ನತಾಶಾ ಡೌ ಶೂಲ್ 2012ರ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ಸುಳಿವು ಕೊಡುತ್ತಾರೆ: ಚಟ ಹತ್ತಿದವರು ಗೆಲ್ಲಲೆಂದು ಆಡುವುದಿಲ್ಲ, ಹೊತ್ತು, ಮೈ, ಚಿಂತೆ ಮೂರೂ ಮರೆಯಾಗುವ ಆ ಮಂಪರಿನಲ್ಲಿ ಉಳಿಯಲೆಂದು ಆಡುತ್ತಾರೆ. ಗುಂಡಿ ಒತ್ತಿದರೆ ಚಿತ್ರಗಳು ಗಿರ್ರನೆ ತಿರುಗುತ್ತವೆ, ಎರಡು ‘7’ ಅಂಕಿಗಳು ಸಾಲಾಗಿ ನಿಲ್ಲುತ್ತವೆ, ಮೂರನೆಯದು ಕೂದಲೆಳೆಯಲ್ಲಿ ತಪ್ಪುತ್ತದೆ, ಮತ್ತೆ ಗುಂಡಿ. ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬೇಕಿಲ್ಲ. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ರಾತ್ರಿ ಪಾಳಿ ಮುಗಿಸಿ ನಿದ್ದೆ ಬಾರದೆ ಕೂತವನಿಗೆ ಬೇಕಾದದ್ದೂ ಅದೇ.

ಯಂತ್ರಗಳ ಹಣ ಸೈನಿಕರ ಮನರಂಜನೆ, ಕ್ಷೇಮಕ್ಕೇ ಹೋಗುತ್ತದೆ ಎಂಬ ಸಮರ್ಥನೆ ಸುಳ್ಳಲ್ಲ. ಆದರೆ ಉಳಿದವರ ಆಟಪಾಟದ ಖರ್ಚನ್ನು ಹೆಚ್ಚಾಗಿ ಸೋತವನೇ ಭರಿಸಿದಂತಾಯಿತಲ್ಲ! ಪೀಡಿತರು ತೀರಾ ಕಡಿಮೆ ಎಂಬುದು ಇನ್ನೊಂದು ಮಾತು. 2017ರ ಆ ವರದಿಯಂತೆ, ಸೈನಿಕರಲ್ಲಿ ಜೂಜಿನ ಚಟವಿದೆಯೆಂದು ವೈದ್ಯರು ಗುರುತಿಸಿದವರು ವರ್ಷಕ್ಕೆ ಶೇ 0.03ಕ್ಕಿಂತ ಕಡಿಮೆ, ನಿಜ. ಆದರೆ ಆಗ ವಾರ್ಷಿಕ ತಪಾಸಣೆಯಲ್ಲಿ ಜೂಜಿನ ಪ್ರಶ್ನೆಯೇ ಇರಲಿಲ್ಲ. ಕೇಳಿ ಎಂದು ಲೆಕ್ಕಪರಿಶೋಧಕರು ಹೇಳಿದರೆ ರಕ್ಷಣಾ ಇಲಾಖೆ ಇದೇ ಅಂಕಿಯನ್ನು ಮುಂದೊಡ್ಡಿತು. ಕೊನೆಗೆ ಸಂಸತ್ತು ಕಾನೂನಿನ ಮೂಲಕ ಕೇಳಿಸಬೇಕಾಯಿತು. ಕೇಳಿದರೂ ಬಾಯಿ ಬಿಡುವವರೆಷ್ಟು? ಜೂಜಿನ ಸಾಲ ಬಯಲಾದರೆ ಗೌಪ್ಯ ಕೆಲಸದ ಅನುಮತಿಗೇ ಕುತ್ತು ಬರಬಹುದು.

ಹಾಗಾದರೆ ಯಂತ್ರಗಳನ್ನೇ ತೆಗೆಯಿರಿ ಎಂದರೆ ಗಟ್ಟಿ ಆಕ್ಷೇಪವೊಂದು ಉಳಿಯುತ್ತದೆ: ತೆಗೆದರೆ ಹುಡುಗರು ಹೊರಗಿನ ಅಡ್ಡೆಗೋ ಮೊಬೈಲ್ ಬೆಟ್ಟಿಂಗ್‌ಗೋ ಹೋಗುತ್ತಾರೆ. ಹೋಗಬಹುದು. ಯಂತ್ರ ತೆಗೆದ ಮಾತ್ರಕ್ಕೆ ದಣಿವು ಹೋಗುವುದಿಲ್ಲವೆಂದು ನಾನೂ ಒಪ್ಪುತ್ತೇನೆ. ಆದ್ದರಿಂದಲೇ ಜೂಜಿನ ಪ್ರಶ್ನೆ ಕೇಳುವ ವೈದ್ಯರು ನಿದ್ದೆ, ಪಾಳಿ, ರಜೆಯ ಬಗ್ಗೆಯೂ ಕೇಳಬೇಕು. ಆ ಉತ್ತರಗಳು ಯಾರ ಹೆಸರೂ ಇಲ್ಲದೆ, ತುಕಡಿಯ ಒಟ್ಟು ಲೆಕ್ಕವಾಗಿ, ಪಾಳಿಪಟ್ಟಿ ಬರೆಯುವ ಅಧಿಕಾರಿಯ ಮೇಜಿಗೆ ಹೋಗಬೇಕು.